ಶಾರ್ತ್ರದ ನೀಲಿ, ರೋಂಶಾಂನ ಬಿಳುಪು

ಹಳೆಯ ಕಲ್ಲಿನ ಚರ್ಚುಗಳೇ ನಿಜವಾದ ಚರ್ಚುಗಳು, ಕಾಂಕ್ರೀಟಿನಲ್ಲಿ ಕಟ್ಟಿದವು ಕೇವಲ ಸಭಾಭವನಗಳು ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಎಷ್ಟರ ಮಟ್ಟಿಗೆ ನಿಲ್ಲುತ್ತದೆಂದು ನೋಡುವುದಕ್ಕಾಗಿಯೇ ಫ್ರಾನ್ಸಿನ ಎರಡು ಚರ್ಚುಗಳಲ್ಲಿ ತಲಾ ಒಂದು ಇಡೀ ದಿನ ಕುಳಿತು ಬಂದೆ. ಒಂದು, 1194ರ ಬೆಂಕಿಯಲ್ಲಿ ಹಿಂದಿನ ಕಟ್ಟಡದ ಬಹುಭಾಗ ಸುಟ್ಟುಹೋದ ಮೇಲೆ ಮತ್ತೆ ಎದ್ದು, 1260ರಲ್ಲಿ ಪ್ರತಿಷ್ಠೆಗೊಂಡ ಶಾರ್ತ್ರದ ಕೆಥೆಡ್ರಲ್. ಇನ್ನೊಂದು, ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾದ ಹಳೆಯ ಪ್ರಾರ್ಥನಾಲಯದ ಜಾಗದಲ್ಲಿ, ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೇ ವಿನ್ಯಾಸದಂತೆ 1955ರಲ್ಲಿ ಪೂರ್ಣಗೊಂಡ ರೋಂಶಾಂನ ಪ್ರಾರ್ಥನಾಲಯ. ಎರಡೂ ಮರಿಯಮಾತೆಯ ಹೆಸರಿನವು, ಎರಡೂ ಯಾತ್ರಿಕರಿಗಾಗಿ ಕಟ್ಟಿದವು. ಆದ್ದರಿಂದ ಇವುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಅನ್ಯಾಯವಾಗಲಾರದು.

ಹೊರಗಿನ ಬಿಸಿಲಿನಿಂದ ಶಾರ್ತ್ರದೊಳಗೆ ಕಾಲಿಟ್ಟಾಗ ಕೆಲವು ನಿಮಿಷ ಏನೂ ಸರಿಯಾಗಿ ಕಾಣಲಿಲ್ಲ. ಕಣ್ಣು ಹೊಂದಿಕೊಂಡಂತೆಲ್ಲ ಕಿಟಕಿಗಳು ಒಂದೊಂದಾಗಿ ಬೆಳಗತೊಡಗಿದವು. ದಕ್ಷಿಣದ ಬದಿಯಲ್ಲಿ, ಆ ಬೆಂಕಿಯನ್ನೂ ದಾಟಿ ಉಳಿದ ಹನ್ನೆರಡನೆಯ ಶತಮಾನದ ಮರಿಯಮಾತೆಯ ಗಾಜಿನ ಚಿತ್ರವಿದೆ. ಕೆಂಪು ಹಿನ್ನೆಲೆಯಲ್ಲಿ ಅವಳ ಉಡುಗೆಯ ತಿಳಿನೀಲಿ ಎಷ್ಟು ನಿರ್ಮಲವಾಗಿದೆಯೆಂದರೆ, ಅದು ಹೊರಗಿನಿಂದ ಬರುವ ಬೆಳಕಲ್ಲ, ಗಾಜಿನೊಳಗೇ ಹುಟ್ಟಿದ್ದು ಎಂದು ಅನ್ನಿಸುತ್ತದೆ. ಮೋಡವೊಂದು ಹಾದುಹೋದಾಗ ಆ ನೀಲಿ ಮಾಸಲಿಲ್ಲ, ಇನ್ನಷ್ಟು ಆಳವಾಯಿತು. ಇತರ ಕಿಟಕಿಗಳ ಕೆಳತುದಿಯಲ್ಲಿ ರೊಟ್ಟಿ ಮಾಡುವವರು, ಚಪ್ಪಲಿ ಹೊಲಿಯುವವರು, ಬಡಗಿಗಳು ತಮ್ಮ ತಮ್ಮ ಕೆಲಸದಲ್ಲಿ ತೊಡಗಿರುವುದನ್ನು ಕಂಡಾಗ, ಸಂತರ ಕಥೆಗಳಿಗಿಂತ ಹೆಚ್ಚು ಹೊತ್ತು ನಾನು ಅವರ ಮುಂದೆಯೇ ನಿಂತೆ.

ರೋಂಶಾಂನಲ್ಲಿ ಬೆಳಕಿನ ರೀತಿಯೇ ಬೇರೆ. ದಕ್ಷಿಣದ ದಪ್ಪ ಬಿಳಿ ಗೋಡೆಯಲ್ಲಿ ಚಿಕ್ಕವೂ ದೊಡ್ಡವೂ ಆದ ಕಿಂಡಿಗಳು ಯಾವ ಸಾಲಿಗೂ ಸಿಗದಂತೆ ಹರಡಿಕೊಂಡಿವೆ. ಕೆಲವು ಒಳಮುಖವಾಗಿ ಅಗಲವಾಗುತ್ತ ಬರುತ್ತವೆ. ಅವುಗಳಲ್ಲಿರುವುದು ಶಾರ್ತ್ರದಂತಹ ಸೀಸದ ಪಟ್ಟಿಯ ಗಾಜಲ್ಲ; ಕೆಲವು ಬರಿಯ ಪಾರದರ್ಶಕ ಗಾಜು, ಕೆಲವಕ್ಕೆ ವಾಸ್ತುಶಿಲ್ಪಿ ತಾನೇ ಬಣ್ಣ ಬಳಿದಿದ್ದಾನೆ. ನಾನು ಕುಳಿತ ಬೆಂಚಿನ ಎದುರಿನ ಕಿಂಡಿಯೊಂದರ ಇಳಿಜಾರು ಬದಿಗಳ ಮೇಲೆ ಬಿಸಿಲಿನ ಅಂಚು ಇಂಚಿಂಚಾಗಿ ಸರಿಯುವುದನ್ನು ಗಡಿಯಾರದಂತೆ ನೋಡುತ್ತ ಕುಳಿತೆ. ಗಾಜಿನಾಚೆ ಮೋಡ, ಹುಲ್ಲು, ಮರದ ಕೊಂಬೆ ಕಾಣುತ್ತಿದ್ದವು. ಶಾರ್ತ್ರ ಹೊರಲೋಕವನ್ನು ಪೂರ್ತಿಯಾಗಿ ಮರೆಸುತ್ತದೆ. ರೋಂಶಾಂ ಅದನ್ನು ತುಣುಕು ತುಣುಕಾಗಿ ಒಳಗೆ ಕರೆದುಕೊಳ್ಳುತ್ತದೆ.

ಇಷ್ಟು ಭಿನ್ನವಾಗಿ ಕಂಡರೂ ಎರಡೂ ಕಟ್ಟಡಗಳು ಗೋಡೆಯನ್ನು ಭಾರದಿಂದ ಬಿಡುಗಡೆ ಮಾಡಿದವುಗಳೇ ಎಂಬುದು ನನಗೆ ತಡವಾಗಿ ಹೊಳೆಯಿತು. ಶಾರ್ತ್ರದಲ್ಲಿ ಸುಮಾರು 37 ಮೀಟರು ಎತ್ತರದ ಕಮಾನು ಚಾವಣಿಯ ಒತ್ತಡವನ್ನು ಹೊರಗಿನ ಆಸರೆ ಕಮಾನುಗಳು ಹೊತ್ತು ನೆಲಕ್ಕೆ ಇಳಿಸುವುದರಿಂದ, ಗೋಡೆಯ ಜಾಗದಲ್ಲಿ ಗಾಜು ನಿಲ್ಲಲು ಸಾಧ್ಯವಾಯಿತು. ರೋಂಶಾಂನಲ್ಲಿ ಚಾವಣಿಯನ್ನು ಹೊರುವುದು ಗೋಡೆಯೊಳಗೆ ಅಡಗಿರುವ ಕಾಂಕ್ರೀಟು ಕಂಬಗಳು. ಗೋಡೆಗೂ ಚಾವಣಿಗೂ ನಡುವೆ ಸುಮಾರು 10 ಸೆಂಟಿಮೀಟರಿನ ಸಂದು ಬಿಟ್ಟಿದ್ದಾರೆ. ಅಲ್ಲಿಂದ ನುಗ್ಗುವ ಬೆಳಕಿನ ಗೆರೆಯಿಂದಾಗಿ ಅಷ್ಟು ದೊಡ್ಡ ಚಾವಣಿ ಎಲ್ಲಿಯೂ ತಾಗದೆ ತೇಲುತ್ತಿರುವಂತೆ ತೋರುತ್ತದೆ. ಸಿಕ್ಕ ಸ್ವಾತಂತ್ರ್ಯದಿಂದ ಹಳೆಯವರು ಗೋಡೆಯನ್ನು ಕರಗಿಸಿದರು, ಹೊಸಬನು ಅದನ್ನು ಬೇಕೆಂದೇ ದಪ್ಪಗೊಳಿಸಿದನು. ಹಾಳಾದ ಹಳೆಯ ಪ್ರಾರ್ಥನಾಲಯದ ಕಲ್ಲುಗಳನ್ನೂ ಹೊಸ ಗೋಡೆಗಳೊಳಗೆ ಸೇರಿಸಿದ್ದಾರೆಂಬ ಸಂಗತಿ ನನ್ನ ಮನಸ್ಸನ್ನು ಬಹಳವಾಗಿ ತಟ್ಟಿತು.

ಹಾಡಿನ ವಿಷಯದಲ್ಲಿ ಶಾರ್ತ್ರಕ್ಕೆ ಸಾಟಿಯಿಲ್ಲ. ಸ್ವರ ನಿಂತ ಮೇಲೂ ಕಲ್ಲು ಅದನ್ನು ಹಿಡಿದುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಆದರೆ ಅದೇ ಗುಣ ಪ್ರವಚನಕ್ಕೆ ಅಡ್ಡಿ. ಹಿಂದಿನ ಕುರ್ಚಿಯಲ್ಲಿ ಕುಳಿತ ನನಗೆ ಪದಗಳು ಒಂದರೊಳಗೊಂದು ಕಲಸಿಹೋಗಿ ಕೇಳಿಸಿದವು. ರೋಂಶಾಂ ಚಿಕ್ಕದು, ಅದರ ನೆಲ ಗುಡ್ಡದ ಇಳಿಜಾರನ್ನೇ ಅನುಸರಿಸಿ ಬಲಿಪೀಠದ ಕಡೆಗೆ ಬಾಗಿದೆ. ಯಾರೂ ಹೇಳದಿದ್ದರೂ ಕಾಲು ತಾನಾಗಿಯೇ ಮುಂದಕ್ಕೆ ಹೋಗುತ್ತದೆ.

ಹೊಸದೆಲ್ಲವೂ ಹೀಗಿದೆಯೆಂದು ನಾನು ಹೇಳಲಾರೆ. ನಾನು ವರ್ಷಗಟ್ಟಲೆ ಪ್ರಾರ್ಥನೆಗೆ ಹೋದ ಆಧುನಿಕ ಚರ್ಚೊಂದರಲ್ಲಿ ರೋಂಶಾಂನಂತೆಯೇ ವಕ್ರವಾದ ಚಾವಣಿಯೂ ಬಿಳಿ ಗೋಡೆಯೂ ಇದ್ದವು, ಬೆಳಕಿನ ಬಗ್ಗೆ ಮಾತ್ರ ಯಾರೂ ಯೋಚಿಸಿರಲಿಲ್ಲ. ಬೆಳಗಿನ ಪೂಜೆಯ ಹೊತ್ತಿಗೆ ಸೂರ್ಯ ನೇರವಾಗಿ ಕಣ್ಣಿಗೇ ಹೊಡೆದು ಬಲಿಪೀಠ ಕಾಣದಂತಾಗುತ್ತಿತ್ತು. ಆಕಾರವನ್ನು ನಕಲು ಮಾಡುವುದು ಸುಲಭ, ಒಂದು ಕಿಂಡಿಯನ್ನು ಎಲ್ಲಿ ತೆರೆಯಬೇಕೆಂದು ಅರಿಯುವುದು ಕಷ್ಟ.

ಶಾರ್ತ್ರದಲ್ಲಿ ನಾನಿದ್ದದ್ದು ಬೇಸಿಗೆಯ ಒಂದು ಶುಕ್ರವಾರ. ನೆಲದಲ್ಲಿ ಕೂಡಿಸಿರುವ, ಸುಮಾರು 13 ಮೀಟರು ಅಗಲದ, ಚಕ್ರವ್ಯೂಹದಂತಹ ಸುತ್ತುದಾರಿಯ ಮೇಲಿನ ಕುರ್ಚಿಗಳನ್ನು ಅಂದು ಸರಿಸಿದ್ದರಿಂದ ಅದರಲ್ಲಿ ನಡೆಯಲು ಸಾಧ್ಯವಾಯಿತು. ನಡುಬಿಂದುವಿನ ಹತ್ತಿರ ಬಂದೆನೆನ್ನುವಾಗಲೇ ದಾರಿ ಮತ್ತೆ ಹೊರಕ್ಕೆ ತಿರುಗುತ್ತದೆ. ನನ್ನ ಹಿಂದೆ ಮುಂದೆ ಅಪರಿಚಿತರು ಮೌನವಾಗಿ ನಡೆಯುತ್ತಿದ್ದರು. ಹಬ್ಬದ ದಿನ, ಸಾವಿರ ಜನರ ನಡುವೆ ಇರಬೇಕೆನ್ನಿಸಿದರೆ ನಾನು ಅಲ್ಲಿಗೇ ಹೋಗುತ್ತೇನೆ. ಒಬ್ಬನೇ ಕುಳಿತುಕೊಳ್ಳಬೇಕೆನ್ನಿಸಿದರೆ ರೋಂಶಾಂ. ಮುಂದಿನ ಬಾರಿ ಚಳಿಗಾಲದಲ್ಲಿ ಹೋಗಬೇಕೆಂದಿದ್ದೇನೆ, ಏಕೆಂದರೆ ಆಗ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಆ ದಕ್ಷಿಣದ ಕಿಂಡಿಗಳ ಬೆಳಕು ಬೆಂಚುಗಳನ್ನೂ ದಾಟಿ ಇನ್ನಷ್ಟು ಒಳಗೆ ಬರುತ್ತದೆ.