ಟೊರೊಂಟೊಗೆ ಮೊಳಕಾಲ್ಮೂರು ಸೀರೆಯೋ, ಚಳ್ಳಕೆರೆ ಕಂಬಳಿಯೋ?

ಅಕ್ಕಾ, ದಾವಣಗೆರೆಯಿಂದ ಟೊರೊಂಟೊಗೆ ಹೊರಟ ಮಗಳ ಪೆಟ್ಟಿಗೆಯಲ್ಲಿ ಮೊಳಕಾಲ್ಮೂರು ರೇಷ್ಮೆ ಸೀರೆ ಇಡಲೋ, ಚಳ್ಳಕೆರೆ ಕಂಬಳಿ ಇಡಲೋ ಎಂದು ಕೇಳಿದ್ದೀರಿ. ಹೊರದೇಶದವರ ಕಣ್ಣು ಈಗ ನಮ್ಮ ಕೈಮಗ್ಗದ ಮೇಲಿದೆ, ಎರಡೂ ಮೆಚ್ಚುಗೆಯಾದಾವು.

ಬೆಲೆಯಲ್ಲಿ ಕಂಬಳಿ ಹಗುರ, ತೂಕದಲ್ಲಿ ಸೀರೆ. ಬಾಳಿಕೆಯಲ್ಲಿ ಮಾತ್ರ ಕಂಬಳಿಯನ್ನು ಸೋಲಿಸುವುದು ಕಷ್ಟ: ಕುರಿಯುಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ ನೇಯುತ್ತಾರೆ. ಹೊಸತರಲ್ಲಿ ಮೈಗೆ ಚುಚ್ಚುತ್ತದೆ, ನುಸಿಯ ಭಯವೂ ಉಂಟು. ರೇಷ್ಮೆಯನ್ನು ವರ್ಷಗಟ್ಟಲೆ ಬಿಚ್ಚದೆ ಇಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ನನ್ನ ಮದುವೆ ಸೀರೆಯ ಗತಿ ಅದೇ ಆಯಿತು.

ಮಗಳು ಹಬ್ಬಕ್ಕೆ ಉಡುವವಳಾದರೆ ಸೀರೆ. 2011ರಲ್ಲಿ ಭೌಗೋಳಿಕ ಸೂಚಕ, ಅಂದರೆ ಆ ಊರಿನದ್ದೇ ಎಂಬ ಕಾನೂನಿನ ಗುರುತು, ಪಡೆದ ಕೈಮಗ್ಗದ್ದೇ ಎಂದು ಕೇಳಿ ಕೊಳ್ಳಿ. ಅವಳ ಕೆನಡಾದ ಗೆಳತಿಗಾದರೆ ಕಂಬಳಿ: ಸೋಫಾದ ಮೇಲೆ ಹಾಸಿಯಾಳು, ಗೋಡೆಗೂ ತೂಗುಹಾಕಿಯಾಳು.