ಮಳೆ ಹಿಡಿದ ಕೆಜಿಕ್‌ನಲ್ಲಿ ಎಲ್ಲಿ ಕೂರುವುದು? ಪೆನ್ಸಿಲ್ ಮ್ಯೂಸಿಯಂ, ಹಾಡುವ ಕಲ್ಲು, ಹಳೇ ಟಾಕೀಸು

ಇಂಗ್ಲೆಂಡ್‌ನ ಕೆಜಿಕ್‌ಗೆ ಹೋದಾಗ ಮಳೆ ಹಿಡಿದರೆ ಪೆನ್ಸಿಲ್ ಮ್ಯೂಸಿಯಂಗೆ ಹೋಗಿ. ಉಳಿದದ್ದೆಲ್ಲ ಆಮೇಲೆ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಅಮ್ಮ ಸಾಗರದ ಕಡೆಯಿಂದ ಬಂದು ಮ್ಯಾಂಚೆಸ್ಟರ್‌ನಲ್ಲಿ ನಮ್ಮ ಜೊತೆ ಇರುವ ಈ ಕೆಲವು ತಿಂಗಳಲ್ಲಿ ಎರಡು ಸಲ ಕೆಜಿಕ್‌ಗೆ ಹೋಗಿ ಬಂದೆವು. ಎರಡು ಸಲವೂ ಮಳೆ. ಮೊದಲ ಸಲ ದಿನ ಪೂರ್ತಿ ಹಾಳಾಯಿತು. ಎರಡನೇ ಸಲ ವಾಪಸ್ ಬರುವ ರೈಲಿನಲ್ಲಿ ಅಮ್ಮ "ಇನ್ನೊಂದು ಸಲ ಹೋಗನ ಕಣೇ" ಅಂದಳು. ಎರಡು ದಿನಕ್ಕೂ ಇಷ್ಟು ವ್ಯತ್ಯಾಸ ಯಾಕಾಯಿತು ಅಂತ ಬರೆದಿಟ್ಟರೆ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರಿಗೆ ಉಪಯೋಗವಾಗಬಹುದು.

ಊರಿನ ಹೆಸರನ್ನು ಬರೆಯುವುದು ಕೆಸ್ವಿಕ್ ಅಂತ, ಜನ ಅನ್ನುವುದು ಕೆಜಿಕ್ ಅಂತ. ಇಂಗ್ಲೆಂಡ್‌ನ ವಾಯವ್ಯ ಮೂಲೆಯ ಲೇಕ್ ಡಿಸ್ಟ್ರಿಕ್ಟ್‌ನಲ್ಲಿರುವ ಸಂತೆ ಊರು ಅದು. ಸಂತೆ ನಡೆಸುವ ಹಕ್ಕು ಸಿಕ್ಕಿದ್ದು 1276ರಲ್ಲಿ. ಈಗಲೂ ಶನಿವಾರ ಪೇಟೆಬೀದಿಯಲ್ಲಿ ಸಂತೆ ಸೇರುತ್ತದೆ. ಜನ ಅಲ್ಲಿಗೆ ಬರುವುದು ಬೆಟ್ಟ ಹತ್ತಲು, ಕೆರೆಯಂಥ ದೊಡ್ಡ ಸರೋವರದಲ್ಲಿ ದೋಣಿ ಹತ್ತಲು. ಆದರೆ ಅಲ್ಲಿಂದ ಸುಮಾರು 13 ಕಿಲೋಮೀಟರ್ ದೂರದ ಸೀತ್‌ವೇಟ್ ಎಂಬ ಪುಟ್ಟ ಹಳ್ಳಿ ಇದೆಯಲ್ಲ, ಇಂಗ್ಲೆಂಡ್‌ನಲ್ಲಿ ಜನ ವಾಸ ಇರುವ ಜಾಗಗಳಲ್ಲೆಲ್ಲ ಅತಿ ಹೆಚ್ಚು ಮಳೆ ಬೀಳುವುದು ಅಲ್ಲೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಆಗುಂಬೆಯಲ್ಲಿ ಅದರ ಎರಡರಷ್ಟು ಬೀಳುತ್ತದೆ. ಹಾಗಾಗಿ ಅಮ್ಮನ ಕಣ್ಣಿಗೆ ಅದು ಮಳೆಯೇ ಅಲ್ಲ, ಸೋನೆ. ಆದರೆ ನಮ್ಮೂರಿನ ಮಳೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಮಳೆ ಬಂದರೆ ಜಗಲಿಯ ಮೇಲೆ ಕೂತು ಹಲಸಿನ ಹಪ್ಪಳ ಸುಟ್ಟುಕೊಂಡು ತಿನ್ನಬಹುದು. ಪ್ರವಾಸಕ್ಕೆ ಹೋದವರಿಗೆ ಜಗಲಿ ಎಲ್ಲಿಂದ ಬರಬೇಕು? ಮಳೆಯ ದಿನ ಕೆಜಿಕ್‌ನಲ್ಲಿ ನಾನು ಹುಡುಕುವುದು ಅದನ್ನೇ. ಯಾರೂ ಎಬ್ಬಿಸದ, ಕೈಗೆ ಒಂದಿಷ್ಟು ಕೆಲಸ ಇರುವ ಜಗಲಿ.

ಮೊದಲ ಸಲ ಕಾರಿನಲ್ಲಿ ಹೋದೆವು. ಅಮ್ಮನಿಗೆ ಮಂಡಿ ನೋವು, ಕಾರೇ ಅನುಕೂಲ ಅಂದುಕೊಂಡೆವು. ತಪ್ಪಾಗಿದ್ದು ಅಲ್ಲೇ.

ಪೇಟೆಗೆ ಹತ್ತಿರದ ಒಂದು ಪಾರ್ಕಿಂಗ್ ಜಾಗದಲ್ಲಿ ಕಾರು ನಿಲ್ಲಿಸಿ, ಯಂತ್ರದಲ್ಲಿ ಎರಡು ಗಂಟೆಯ ಚೀಟಿ ತೆಗೆದು ಗಾಜಿನ ಹಿಂದೆ ಇಟ್ಟೆವು. ಅಷ್ಟರಲ್ಲಿ ಸರೋವರ ನೋಡಿ ಬರಬಹುದು ಅಂತ ಲೆಕ್ಕ. ಇಪ್ಪತ್ತು ಹೆಜ್ಜೆ ಹೋಗುವುದರೊಳಗೆ ಮಳೆ ಜೋರಾಯಿತು. ಮಗಳು ಸಿನಿಮಾ ಅಂದಳು. ಅಲ್ಹಾಂಬ್ರಾ ಅಂತ ಒಂದು ಚಿಕ್ಕ ಟಾಕೀಸು ಇದೆ, 1914ರಲ್ಲಿ ಶುರುವಾಗಿದ್ದು. ಮಕ್ಕಳ ಚಿತ್ರ ಹಾಕಿದ್ದರು. ಒಳಗೆ ಬೆಚ್ಚಗಿತ್ತು, ಸರಿ ಅಂತ ಕೂತೆವು.

ಈಗ ಯೋಚಿಸಿ. ಪಾರ್ಕಿಂಗ್ ಚೀಟಿ ತೆಗೆಯುವಾಗಲೇ ಎಷ್ಟು ಹೊತ್ತು ಇರುತ್ತೀರಿ ಅಂತ ಹೇಳಿಬಿಡಬೇಕು. ಮಳೆ ಎಷ್ಟು ಹೊತ್ತು ಬರುತ್ತದೆ ಅಂತ ಯಾರಿಗೆ ಗೊತ್ತು? ಚಿತ್ರ ಒಂದೂಮುಕ್ಕಾಲು ಗಂಟೆ ಅಂತ ಬರೆದಿತ್ತು. ಅದಕ್ಕೆ ಮೊದಲು ಜಾಹೀರಾತು, ಬರಲಿರುವ ಚಿತ್ರಗಳ ತುಣುಕು, ಎಲ್ಲ ಸೇರಿ ಇಪ್ಪತ್ತು ನಿಮಿಷ ಹೋಯಿತು. ನಡುವೆ ನಮ್ಮವರು ಎದ್ದು ಹೊರಗೆ ಹೋಗಿ ಫೋನಿನ ಆ್ಯಪ್‌ನಲ್ಲಿ ಇನ್ನೊಂದು ಗಂಟೆ ಸೇರಿಸಲು ನೋಡಿದರು. ಯಂತ್ರದಲ್ಲಿ ತೆಗೆದ ಕಾಗದದ ಚೀಟಿಗೆ ಆ್ಯಪ್‌ನಲ್ಲಿ ಸಮಯ ಸೇರಿಸಲು ಬರುವುದಿಲ್ಲ. ಹೊಸದಾಗಿಯೇ ದುಡ್ಡು ಕಟ್ಟಬೇಕು. ಅದಕ್ಕೆ ಆ ಜಾಗದ ನಂಬರ್ ಬೇಕು, ಅದು ಪಾರ್ಕಿಂಗ್‌ನಲ್ಲಿರುವ ಬೋರ್ಡಿನ ಮೇಲೆ ಇದೆ. ಫೋನಿನ ಮೇಲೆ ನೀರು ಬಿದ್ದು ಬೆರಳು ಒತ್ತಿದ್ದೂ ಹಿಡಿಯುತ್ತಿರಲಿಲ್ಲ. ಸಿಗ್ನಲ್ ಬೇರೆ ಬಂದು ಬಂದು ಹೋಗುತ್ತಿತ್ತು. ಅವರು ಒದ್ದೆಯಾಗಿ ವಾಪಸ್ ಬಂದು ಕೂತರು. ಆಮೇಲೆ ಚಿತ್ರ ನೋಡಿದ್ದು ಮಗಳು ಒಬ್ಬಳೇ.

ಹೊರಗೆ ಬಂದಾಗ ಪೇಟೆಯ ನಡುವಿನ ಮೂಟ್ ಹಾಲ್ ಕಡೆ ತಿರುಗಿ ಗಡಿಯಾರ ನೋಡಿದೆ. 1813ರಲ್ಲಿ ಕಟ್ಟಿದ ಕಟ್ಟಡ. ಆ ಗಡಿಯಾರಕ್ಕೆ ಇರುವುದು ಒಂದೇ ಮುಳ್ಳು, ಗಂಟೆಯ ಮುಳ್ಳು. ನಿಮಿಷ ಗೊತ್ತಾಗುವುದಿಲ್ಲ. ಅಮ್ಮನಿಗೆ ಒದ್ದೆ ಕಲ್ಲುಹಾಸಿನ ಮೇಲೆ ಬೇಗ ನಡೆಯಲು ಆಗುವುದಿಲ್ಲ, ಓಡಿಸುವ ಹಾಗೂ ಇಲ್ಲ. ಕಾರಿನ ಹತ್ತಿರ ಹೋಗುವಷ್ಟರಲ್ಲಿ ಗಾಜಿನ ಮೇಲೆ ದಂಡದ ಲಕೋಟೆ ಅಂಟಿಸಿದ್ದರು. ಇಪ್ಪತ್ತೈದು ನಿಮಿಷ ತಡ. ಅಮ್ಮ ತನ್ನಿಂದಲೇ ಹೀಗಾಯಿತು ಅಂದುಕೊಂಡು ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ನನಗೆ ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವಾಯಿತು.

ಟಾಕೀಸಿನ ತಪ್ಪು ಇದರಲ್ಲಿ ಏನೂ ಇಲ್ಲ. ಅದು ಚೆಂದದ ಜಾಗ. ಆದರೆ ಸಿನಿಮಾ ಅಂದರೆ ನಡುವೆ ಎದ್ದು ಬರಲು ಆಗದ ಎರಡು ಗಂಟೆ. ಕಾರಿನಲ್ಲೇ ಹೋಗುವವರು ಮಳೆಯ ದಿನ ಕಣ್ಣುಮುಚ್ಚಿ ಇಡೀ ದಿನದ ಚೀಟಿ ತೆಗೆಯಿರಿ. ದುಬಾರಿ ಅನಿಸುತ್ತದೆ, ದಂಡದ ಮುಂದೆ ಅದು ಏನೂ ಅಲ್ಲ.

ಎರಡನೇ ಸಲ ಕಾರು ಬಿಟ್ಟೆವು. ಕೆಜಿಕ್‌ಗೆ ಈಗ ರೈಲು ಇಲ್ಲ, 1972ರಲ್ಲೇ ಆ ಹಳಿ ಮುಚ್ಚಿದರು. ಪೆನ್ರಿತ್‌ವರೆಗೆ ರೈಲು, ಅಲ್ಲಿಂದ ಬಸ್ಸು. ನಾವು ಹೋದಾಗ ಬಸ್ಸಿನ ಒಂದು ಕಡೆಯ ಟಿಕೆಟ್ 3 ಪೌಂಡ್. ಇಳಿದ ಜಾಗದಿಂದ ಪೆನ್ಸಿಲ್ ಮ್ಯೂಸಿಯಂ ಕೆಲವೇ ನಿಮಿಷದ ನಡಿಗೆ, ಅಮ್ಮನ ನಿಧಾನಕ್ಕೂ ಸಾಕು. ಎಷ್ಟು ಹೊತ್ತಿಗೆ ಎದ್ದರೂ ಮುಂದಿನ ಬಸ್ಸು ಇದೆ ಅನ್ನುವ ನೆಮ್ಮದಿ ಬೇರೆಯೇ.

ಡರ್ವೆಂಟ್ ಪೆನ್ಸಿಲ್ ಮ್ಯೂಸಿಯಂ ದೊಡ್ಡದಲ್ಲ. ಬೋರ್ಡ್ ಓದುತ್ತಾ ನಡೆದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ನಾವು ಎರಡೂವರೆ ಗಂಟೆ ಇದ್ದೆವು.

ಒಳಗೆ ಹೋಗುವ ದಾರಿಯೇ ಗಣಿಯ ಸುರಂಗದ ಹಾಗೆ ಮಾಡಿದ್ದಾರೆ. ಮಗಳಿಗೆ ಅಲ್ಲೇ ಅರ್ಧ ಖುಷಿ. ಸುರಂಗ ದಾಟಿದ ಮೇಲೆ ನಾನು ಅಮ್ಮನಿಗೆ ಕಥೆ ಹೇಳಲು ಕೂತೆ. 1500ರ ದಶಕಗಳಲ್ಲಿ ಇದೇ ಬಾರೋಡೇಲ್ ಕಣಿವೆಯಲ್ಲಿ, ಅದೇ ಮಳೆಯ ಸೀತ್‌ವೇಟ್‌ನ ಬೆಟ್ಟದಲ್ಲಿ, ಜನರಿಗೆ ಕಪ್ಪು ಮೆತ್ತನೆಯ ಕಲ್ಲು ಸಿಕ್ಕಿತು. ಈಗ ಅದಕ್ಕೆ ಗ್ರಾಫೈಟ್ ಅನ್ನುತ್ತಾರೆ, ಪೆನ್ಸಿಲ್ ಒಳಗಿನ ಕಪ್ಪು ಕಡ್ಡಿ ಅದರದ್ದೇ. ಗಾಳಿಮಳೆಗೆ ಮರ ಬುಡಮೇಲಾಗಿ, ಬೇರಿನಡಿ ಅದು ಕಂಡಿತು ಅಂತ ಊರಿನವರು ಹೇಳುತ್ತಾರೆ. ಕುರಿ ಕಾಯುವವರು ತಮ್ಮ ಕುರಿಗೆ ಗುರುತು ಹಾಕಲು ಅದನ್ನು ಬಳಸಿದರು. ಊರಿನ ಮಾತಿನಲ್ಲಿ ಅದಕ್ಕೆ 'ವ್ಯಾಡ್' ಅನ್ನುತ್ತಿದ್ದರು. ಆಮೇಲೆ ಫಿರಂಗಿ ಗುಂಡು ಎರಕ ಹೊಯ್ಯುವ ಅಚ್ಚಿಗೆ ಒಳಗಿನಿಂದ ಸವರಲು ಇದು ಒಳ್ಳೆಯದು ಅಂತ ಗೊತ್ತಾಯಿತು. ಬೆಲೆ ಎಷ್ಟು ಏರಿತೆಂದರೆ ಗಣಿಗೆ ಕಾವಲು ಹಾಕಬೇಕಾಯಿತು. ಇದನ್ನು ಕದಿಯುವುದು ಘೋರ ಅಪರಾಧ ಅಂತ 1752ರಲ್ಲಿ ಕಾನೂನೇ ಬಂತು.

ಅಮ್ಮ ಎಲ್ಲ ಕೇಳಿ ಒಂದು ಪ್ರಶ್ನೆ ಹಾಕಿದಳು. "ಇದರಾಗೆ ಸೀಸ ಎಲ್ಲಿ ಬಂತೇ?"

ನಮ್ಮ ಶಾಲೆಯಲ್ಲಿ ಪೆನ್ಸಿಲ್‌ಗೆ ಸೀಸದ ಕಡ್ಡಿ ಅಂತಲೇ ಅನ್ನುತ್ತಿದ್ದೆವು. ಅದರಲ್ಲಿ ಸೀಸ ಒಂದು ಚೂರೂ ಇಲ್ಲ. ಈ ಕಪ್ಪು ಕಲ್ಲು ಸೀಸದ ಒಂದು ಬಗೆ ಅಂತ ಹಿಂದಿನವರು ತಿಳಿದಿದ್ದರು. ಅದು ಇದ್ದಿಲಿನ ಜಾತಿಗೆ ಸೇರಿದ ಇಂಗಾಲ ಅಂತ 1779ರಲ್ಲಿ ಸ್ವೀಡನ್‌ನ ರಸಾಯನ ವಿಜ್ಞಾನಿ ಷೀಲೆ ತೋರಿಸಿಕೊಟ್ಟರು. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ಬಾರೋಡೇಲ್‌ನ ಬೆಟ್ಟದ ಕಲ್ಲಿಗೆ ಅಂಟಿದ ಆ ಹೆಸರು ಭಾಷೆ ದಾಟಿ ದಾಟಿ ನಮ್ಮೂರಿನ ಕನ್ನಡ ಶಾಲೆಯ ಬೆಂಚಿನವರೆಗೆ ಬಂದಿದೆ. ಇಷ್ಟು ದೂರ ಬಂದು ಅಮ್ಮನಿಗೆ ತನ್ನ ಬಾಯಲ್ಲಿದ್ದ ಮಾತಿನ ಬೇರು ಸಿಕ್ಕಿತಲ್ಲ, ನನಗೆ ಟಿಕೆಟಿನ ದುಡ್ಡು ಅಲ್ಲೇ ವಾಪಸ್ ಬಂದ ಹಾಗಾಯಿತು.

ಮಗಳಿಗೆ ಹಿಡಿಸಿದ್ದು ಯುದ್ಧಕಾಲದ ಪೆನ್ಸಿಲ್. ಎರಡನೇ ಮಹಾಯುದ್ಧದಲ್ಲಿ ವಿಮಾನದ ಸೈನಿಕರಿಗಾಗಿ ಇಲ್ಲಿನ ಕಾರ್ಖಾನೆಯಲ್ಲಿ ಗುಟ್ಟಾಗಿ ಮಾಡಿದ್ದು. ಹೊರಗಿನಿಂದ ಮಾಮೂಲಿ ಪೆನ್ಸಿಲ್. ಒಳಗೆ ಸುರುಳಿ ಸುತ್ತಿದ ತೆಳ್ಳನೆಯ ನಕ್ಷೆ, ರಬ್ಬರಿನ ಕಡೆ ಪುಟಾಣಿ ದಿಕ್ಸೂಚಿ. ಶತ್ರು ನಾಡಿನಲ್ಲಿ ಬಿದ್ದವರು ದಾರಿ ಹುಡುಕಿಕೊಂಡು ಬರಲಿ ಅಂತ. ಅವಳು ಅದರ ಮುಂದೆ ನಿಂತು ಕದಲಲಿಲ್ಲ. ಸುಮಾರು 8 ಮೀಟರ್ ಉದ್ದದ, 446 ಕಿಲೋ ತೂಕದ ಹಳದಿ ಬಣ್ಣದ ಪೆನ್ಸಿಲ್ ಕೂಡ ಅಲ್ಲಿದೆ, ಅದನ್ನು ಒಂದು ಸಲ ನೋಡಿ ಬಿಟ್ಟಳು.

ಕಾರ್ಖಾನೆ ಶುರುವಾಗಿದ್ದು 1832ರಲ್ಲಿ. 2008ರಲ್ಲಿ ಅದು ವರ್ಕಿಂಗ್ಟನ್ ಹತ್ತಿರಕ್ಕೆ ಹೋಯಿತು, ಮ್ಯೂಸಿಯಂ ಮಾತ್ರ ಗ್ರೀಟಾ ಹೊಳೆಯ ಪಕ್ಕದಲ್ಲೇ ಉಳಿಯಿತು. ಆ ಹೊಳೆಯನ್ನು ನೋಡಿ ಅಮ್ಮ "ಇದು ಒಳಗೆ ಬರಲ್ವಾ?" ಅಂದಳು. ಬಂದಿತ್ತು. 2015ರ ಡಿಸೆಂಬರ್ 5ರಂದು ಡೆಸ್ಮಂಡ್ ಬಿರುಗಾಳಿಯ ಮಳೆಗೆ ಹತ್ತಿರದ ಹಾನಿಸ್ಟರ್ ಘಾಟಿಯಲ್ಲಿ 24 ಗಂಟೆಯಲ್ಲಿ 341.4 ಮಿಲಿಮೀಟರ್ ಬಿತ್ತು, ಬ್ರಿಟನ್ನಿನ ದಾಖಲೆ ಅದು. ಮ್ಯೂಸಿಯಂಗೆ ನೀರು ನುಗ್ಗಿತು. ಮತ್ತೆ ಬಾಗಿಲು ತೆರೆದಿದ್ದು 2017ರಲ್ಲಿ. ಮಲೆನಾಡಿನವಳಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಕೊನೆಯಲ್ಲಿ ಚಿತ್ರ ಬರೆಯುವ ಮೇಜು. ನನ್ನ ಜಗಲಿ ಸಿಕ್ಕಿದ್ದು ಅಲ್ಲೇ. ಮಗಳು ಕುರಿ ಬರೆದಳು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದು, ಆಮೇಲೆ ಒಂದು ಕೆಂಪು ಪೆನ್ಸಿಲ್ ಎತ್ತಿಕೊಂಡು ಹಸೆ ಚಿತ್ತಾರದ ಎಳೆ ಎಳೆಯಲು ಶುರು ಮಾಡಿದಳು. ಊರಿನಲ್ಲಿ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಬರೆಯುತ್ತಿದ್ದ ಕೈ ಅದು. ಒಂದಕ್ಕೊಂದು ಹೊಸೆದ ಗೆರೆಗಳು, ಭತ್ತದ ತೆನೆ, ಜೋಡಿ ಎಳೆ. ಇಂಗ್ಲಿಷ್ ಬಾರದ ಅಮ್ಮ ಇಂಗ್ಲೆಂಡ್‌ನಲ್ಲಿ ಯಾರ ಸಹಾಯವೂ ಇಲ್ಲದೆ ಒಂದು ಗಂಟೆ ಖುಷಿಯಾಗಿ ಕೂತಿದ್ದು ಅದೇ ಮೊದಲು. ಯಾರೂ ಎಬ್ಬಿಸಲಿಲ್ಲ. ಗಡಿಯಾರ ನಾವೂ ನೋಡಲಿಲ್ಲ.

ಒಂದೇ ಎಚ್ಚರಿಕೆ. ಹೊರಗೆ ಬರುವಾಗ ಅಂಗಡಿ ಇದೆ. ಟಿಕೆಟ್‌ಗಿಂತ ಅಲ್ಲೇ ನಮಗೆ ಜಾಸ್ತಿ ಖರ್ಚಾಯಿತು.

ಪೆನ್ಸಿಲ್‌ಗೆ ನಿಜವಾದ ಪೈಪೋಟಿ ಕೊಡುವುದು ಫಿಟ್ಜ್ ಪಾರ್ಕಿನ ಕೆಜಿಕ್ ಮ್ಯೂಸಿಯಂ. ಮಧ್ಯಾಹ್ನ ಅಲ್ಲಿಗೆ ಹೋದೆವು. ಅಲ್ಲಿ ಹಾಡುವ ಕಲ್ಲುಗಳಿವೆ. ಜೋಸೆಫ್ ರಿಚರ್ಡ್ಸನ್ ಎಂಬ ಕಲ್ಲುಕುಟಿಗ ಸ್ಕಿಡ್ಡಾ ಬೆಟ್ಟದ ಕಲ್ಲುಗಳನ್ನು ಹುಡುಕಿ, ಕೆತ್ತಿ, ಸ್ವರ ಕೂಡಿಸಿ 1827ರಿಂದ 1840ರವರೆಗೆ 13 ವರ್ಷ ಕೂತು ಮಾಡಿದ ವಾದ್ಯ. ಅವನ ಮಕ್ಕಳು ಅದನ್ನು ಬಾರಿಸಿಕೊಂಡು ಊರೂರು ತಿರುಗಿದರು, ವಿಕ್ಟೋರಿಯಾ ರಾಣಿಯ ಮುಂದೆಯೂ ನುಡಿಸಿದರು. ನಮಗೂ ಬಾರಿಸಲು ಬಿಟ್ಟರು. ಹಂಪಿಯ ವಿಠ್ಠಲ ದೇವಸ್ಥಾನದ ಸಂಗೀತದ ಕಂಬಗಳನ್ನು ಈಗ ಮುಟ್ಟುವ ಹಾಗಿಲ್ಲ, ದೂರದಿಂದ ನೋಡಿ ಬಂದವರು ನಾವು. ಇಲ್ಲಿ ಕಲ್ಲು ಕೈಯಡಿಯಲ್ಲೇ ಟಣ್ ಅಂದಾಗ ಮೈ ಜುಮ್ಮೆಂದಿತು. ಚರ್ಚೊಂದರ ಮಾಡಿನಲ್ಲಿ ಸಿಕ್ಕ, 600 ವರ್ಷಕ್ಕೂ ಹಳೆಯ ಒಣಗಿದ ಬೆಕ್ಕೂ ಅಲ್ಲಿದೆ. ಮಗಳು ಅದನ್ನು ಮನೆಗೆ ಬಂದ ಮೇಲೂ ಮರೆತಿಲ್ಲ.

ಹಾಗಾದರೆ ಎರಡನೇ ಸ್ಥಾನ ಯಾಕೆ? ಕಲ್ಲಿನ ಮುಂದೆ ಬೇರೆಯವರೂ ಕಾಯುತ್ತಿರುತ್ತಾರೆ. ಹತ್ತು ನಿಮಿಷವಾದ ಮೇಲೆ ಜಾಗ ಬಿಡಬೇಕು ಅನಿಸುತ್ತದೆ. ಉಳಿದದ್ದರಲ್ಲಿ ಓದುವುದೇ ಜಾಸ್ತಿ, ಅಮ್ಮನಿಗೆ ನಾನು ಹೇಳುತ್ತಲೇ ಇರಬೇಕಾಯಿತು. ಸಂಗೀತ ಗೊತ್ತಿರುವವರು ಮನೆಯಲ್ಲಿದ್ದರೆ ನನ್ನ ಮಾತು ಬಿಡಿ, ಮೊದಲು ಇಲ್ಲಿಗೇ ಹೋಗಿ.

ಪಜ್ಲಿಂಗ್ ಪ್ಲೇಸ್‌ನಲ್ಲಿ ಕಣ್ಣಿಗೆ ಮೋಸ ಮಾಡುವ ಕೋಣೆಗಳಿವೆ. ಮಗಳು ಕುಣಿದಳು, ವಾಲಿದ ಕೋಣೆಯಲ್ಲಿ ಅಮ್ಮನಿಗೆ ತಲೆ ತಿರುಗಿತು. ಮಂಡಿ ನೋವಿನವರನ್ನು ಹೊರಗೆ ಕೂರಿಸಿ ಹೋಗಿ.

ಸರೋವರದ ದಡದಲ್ಲಿ ಥಿಯೇಟರ್ ಬೈ ದ ಲೇಕ್ ಇದೆ, 1999ರದ್ದು. ನಾಟಕದ ಹುಚ್ಚಿರುವವರು ಮೊದಲೇ ಟಿಕೆಟ್ ನೋಡಿಕೊಳ್ಳಿ. ನಮಗೆ ಭಾಷೆ ಅಡ್ಡ ಬಂತು, ಹೋಗಲಿಲ್ಲ.

ಶನಿವಾರದ ಸಂತೆಗೆ ಮಳೆ ಅಡ್ಡಿಯೇ ಅಲ್ಲ, ಟಾರ್ಪಾಲಿನಡಿ ಎಲ್ಲ ನಡೆಯುತ್ತದೆ. ಆದರೆ ಕೂರಲು ಜಾಗ ಇಲ್ಲ.

ನಾಲ್ಕು ಜನರ ಸಂಸಾರ, ಒಂದೇ ಸಂಬಳ, ತಿಂಗಳಿಗೆ ಒಂದು ಪ್ರವಾಸ ಅಂದರೆ ಎಲ್ಲದಕ್ಕೂ ಟಿಕೆಟ್ ಕೊಳ್ಳಲು ಆಗುವುದಿಲ್ಲ. ಒಂದಕ್ಕೇ ದುಡ್ಡಿದ್ದರೆ ಪೆನ್ಸಿಲ್. ಎರಡಕ್ಕಿದ್ದರೆ ಪೆನ್ಸಿಲ್, ಕಲ್ಲು. ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗಿ ಬಸ್‌ಸ್ಟಾಪಿನ ಸೂರಿನಡಿ ತಿಂದೆವು, ಊಟದ ಖರ್ಚು ಉಳಿಯಿತು. ಬೆಳಿಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಮೇಲೆ ಮ್ಯೂಸಿಯಂಗಳು ಬೇಗ ಮುಚ್ಚುತ್ತವೆ. ಎಲ್ಲರಿಗೂ ಒಂದು ಜೊತೆ ಒಣ ಕಾಲುಚೀಲ ಬ್ಯಾಗಿನಲ್ಲಿರಲಿ.

ಅಮ್ಮ ಬರೆದ ಚಿತ್ತಾರದ ಹಾಳೆಯನ್ನು ಮಗಳು ತನ್ನ ಓದುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ಒಂದು ಮೂಲೆಯ ಎಳೆ ಇನ್ನೂ ಪೂರ್ತಿಯಾಗಿಲ್ಲ. ಅಂಗಡಿಯಿಂದ ತಂದ ಪೆನ್ಸಿಲ್ ಡಬ್ಬಿಯಲ್ಲಿ ಆ ಕೆಂಪು ಇದೆ, ಊರಿಗೆ ಹೋಗುವ ಮುಂಚೆ ಮುಗಿಸುತ್ತೇನೆ ಅಂದಿದ್ದಾಳೆ ಅಮ್ಮ.