36 ಜನರ ರಜೆ ಲೆಕ್ಕಕ್ಕೆ ಮೂರು ಸಾಫ್ಟ್‌ವೇರ್ ನೋಡಿದ್ವಿ, ಕೊನೆಗೆ ಫ್ರಾಪೆ ಎಚ್‌ಆರ್ ಹಿಡಿದ್ವಿ

ನಮ್ದು ಮೈಸೂರಲ್ಲಿ ಔಷಧಿ ಹೋಲ್‌ಸೇಲ್ ಏಜೆನ್ಸಿ. ಆಫೀಸು, ಗೋಡೌನು, ಡೆಲಿವರಿ ಎಲ್ಲ ಸೇರಿ 36 ಜನ. ಅಕೌಂಟ್ಸ್ ನೋಡೋದು ನಾನು, ಸಂಬಳ, ಪಿಎಫ್, ರಜೆ ಎಲ್ಲ ನನ್ನ ಟೇಬಲ್ ಮೇಲೇನೆ ಬರೋದು. ಮೊನ್ನೆ ಮೊನ್ನೆವರೆಗೂ ರಜೆ ಲೆಕ್ಕ ಅಂದ್ರೆ ಒಂದು ಉದ್ದನೆ ರಿಜಿಸ್ಟರು, ಒಂದು ಎಕ್ಸೆಲ್ ಫೈಲು, ಆಮೇಲೆ ಬೆಳಗ್ಗೆ ಏಳು ಗಂಟೆಗೆ ವಾಟ್ಸಾಪಲ್ಲಿ ಬರೋ "ಮೇಡಂ ಜ್ವರ, ಇವತ್ತು ಬರಕ್ಕಾಗಲ್ಲ" ಅನ್ನೋ ಮೆಸೇಜು, ಈ ಮೂರೂ ಒಂದಿನಾನೂ ತಾಳೆ ಆಗಿದ್ದಿಲ್ಲ.

ಸಾಫ್ಟ್‌ವೇರ್ ಬೇಕೇ ಬೇಕು ಅನ್ಸಿದ್ದು ನಮ್ಮ ಡ್ರೈವರಣ್ಣ ಕೆಲಸ ಬಿಟ್ಟಾಗ. 11 ವರ್ಷ ವ್ಯಾನ್ ಓಡಿಸಿದವರು, ಊರಲ್ಲಿ ಜಮೀನು ನೋಡ್ಕೋತೀನಿ ಅಂತ ಹೊರಟ್ರು, ಫೈನಲ್ ಸೆಟ್ಲ್‌ಮೆಂಟ್ ಮಾಡೋವಾಗ ನನ್ನ ಎಕ್ಸೆಲಲ್ಲಿ ಅವರ ಇಎಲ್, ಅಂದ್ರೆ ಗಳಿಕೆ ರಜೆ, 19 ದಿನ ಅಂತ ಇತ್ತು. ಅವರು 31 ಅಂದ್ರು. "ಮೂರು ವರ್ಷದಿಂದ ಊರಬ್ಬಕ್ಕೂ ಹೋಗಿಲ್ಲ ಮೇಡಂ, ನನ್ ರಜೆ ಎಲ್ಲೋಯ್ತು" ಅಂತ ಕೇಳಿದ್ರು, ಜೋರಾಗಿ ಕೂಡ ಅಲ್ಲ. ನಾನು ಗೋಡೌನಿಂದ ಹಳೇ ರಿಜಿಸ್ಟರ್ ತೆಗೆಸಿ ಎರಡು ದಿನ ಕೂತು ಒಂದೊಂದೇ ತಾರೀಖು ನೋಡಿದೆ. ಯಾವಾಗ್ಲೋ ಎಕ್ಸೆಲಲ್ಲಿ ಹೆಸರಿನ ಕಾಲಂ ಮಾತ್ರ ಸಾರ್ಟ್ ಮಾಡಿಬಿಟ್ಟಿದ್ದೆ, ಪಕ್ಕದ ಅಂಕಿ ಇದ್ದಲ್ಲೇ ಇತ್ತು, ಇನ್ಯಾರದ್ದೋ ರಜೆ ಇವರ ತಲೆ ಮೇಲೆ ಬಿದ್ದಿತ್ತು. ನಿಜವಾಗಿ ಇದ್ದಿದ್ದು 30, ಅವರ ಲೆಕ್ಕದಲ್ಲಿ ಒಂದೇ ಒಂದು ದಿನ ಹೆಚ್ಚು, ಅಷ್ಟೆ. ದುಡ್ಡು ಪೂರ್ತಿ ಕೊಟ್ವಿ. ಆದ್ರೆ ಅವರು ಬಾಯಿ ಬಿಟ್ಟು ಕೇಳದೇ ಇದ್ದಿದ್ರೆ 11 ದಿನದ ದುಡಿಮೆ ಹೋಗ್ತಿತ್ತಲ್ಲ ಅನ್ನೋದು ಇವತ್ತಿಗೂ ಮನಸ್ಸಲ್ಲಿ ಕೊರೀತದೆ.

ಅದಕ್ಕೇ ಹುಡುಕಕ್ಕೆ ಶುರು ಮಾಡಿದಾಗ ನನಗೆ ಒಂದೇ ಒಂದು ಪ್ರಶ್ನೆ ಇತ್ತು. ಬ್ಯಾಲೆನ್ಸ್ ಎಷ್ಟು ಅಂತ ಎಲ್ಲ ಸಾಫ್ಟ್‌ವೇರೂ ತೋರಿಸ್ತವೆ, ಅದು ಹೇಗೆ ಬಂತು ಅಂತ ಕೆಲಸದವರಿಗೇ ಅವರ ಫೋನಲ್ಲಿ ತೋರಿಸ್ತದಾ? ಬ್ಯಾಂಕ್ ಪಾಸ್‌ಬುಕ್ ಥರ, ಯಾವ ತಾರೀಖು ಎಷ್ಟು ಜಮಾ, ಯಾವ ತಾರೀಖು ಎಷ್ಟು ಖರ್ಚು ಅಂತ.

ನಮ್ಮ ಕಡೆ ಕೇಳಿದ್ರೆ ಎಲ್ಲರೂ ಹೇಳೋ ಹೆಸರು ಬೆಂಗಳೂರಿನ ಗ್ರೇಟ್‌ಎಚ್‌ಆರ್, ಹೈದರಾಬಾದಿನ ಕೇಕಾ, ಚೆನ್ನೈನ ಜೋಹೋ ಪೀಪಲ್. ಇವೆಲ್ಲ ರಜೆ ಜೊತೆಗೆ ಹಾಜರಿ, ಸಂಬಳ ಎಲ್ಲ ನೋಡ್ಕೊಳ್ಳೋ ದೊಡ್ಡ ಪ್ಯಾಕೇಜುಗಳು, ಐಟಿ ಕಂಪನಿಯವರಿಗೆ ಹೊಸದೇನಲ್ಲ. ನಾವು ಕೈಯಲ್ಲಿ ಹಿಡಿದು ಟ್ರಯಲ್ ಮಾಡಿದ್ದು ಒಟ್ಟು ಮೂರು, ಅದರಲ್ಲಿ ಬಿಟ್ಟಿದ್ದು ಎರಡರ ಹೆಸರು ಬೇಡ, ಬಿಟ್ಟಿದ್ದು ಯಾಕೆ ಅಂತ ಮಾತ್ರ ಹೇಳ್ತೀನಿ.

ಮೊದಲನೇದು ನೋಡಕ್ಕೆ ತುಂಬಾ ಚೆನ್ನಾಗಿತ್ತು, ಡೆಮೋ ಕೊಟ್ಟ ಹುಡುಗನೂ ತಾಳ್ಮೆಯಿಂದ ಹೇಳಿದ. ಸಿಕ್ಕಿಹಾಕ್ಕೊಂಡಿದ್ದು ಕಾಲು ದಿನದಲ್ಲಿ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ 20 ದಿನ ಕೆಲಸ ಮಾಡಿದ್ರೆ 1 ದಿನ ಗಳಿಕೆ ರಜೆ, ಭಾನುವಾರ ಹಬ್ಬ ಎಲ್ಲ ಕಳೆದ್ರೆ ವರ್ಷಕ್ಕೆ ಹತ್ತಿರ ಹತ್ತಿರ 300 ದಿನ ಕೆಲಸ, ಅಂದ್ರೆ 15 ರಜೆ, ತಿಂಗಳಿಗೆ ಒಂದೂ ಕಾಲು. ಈ ಸಾಫ್ಟ್‌ವೇರ್ ತಿಂಗಳು ತಿಂಗಳು ಜಮಾ ಮಾಡೋವಾಗ ಒಂದೂ ಕಾಲನ್ನ ಒಂದು ಮಾಡಿಬಿಡ್ತಿತ್ತು. ಕಾಲು ದಿನ ತಾನೇ ಅಂತೀರಾ? ವರ್ಷಕ್ಕೆ 3 ದಿನ, 36 ಜನಕ್ಕೆ 108 ದಿನ. 15,000 ಸಂಬಳ ಇರೋ ಗೋಡೌನ್ ಹುಡುಗನಿಗೆ ತಿಂಗಳಿಗೆ 26 ಕೆಲಸದ ದಿನ ಅಂತ ಭಾಗಿಸಿದ್ರೆ ದಿನಕ್ಕೆ 577 ರೂಪಾಯಿ, ಮೂರು ದಿನ ಅಂದ್ರೆ 1,700 ದಾಟ್ತು. ಡೆಮೋ ಹುಡುಗನಿಗೆ ಕೇಳಿದ್ರೆ "ಮೇಡಂ ಅದು ಸಿಸ್ಟಮ್ ಡಿಫಾಲ್ಟ್, ಬದಲಾಯಿಸಕ್ಕೆ ಮೇಲಿನ ಪ್ಲಾನ್ ತಗೋಬೇಕು" ಅಂದ. ಅಲ್ಲಿಗೆ ಕೈ ಬಿಟ್ವಿ. ಇನ್ನೊಂದು ವಿಷ್ಯ, ಅವರು ಕಮ್ಮಿ ಅಂದ್ರೂ 50 ಜನಕ್ಕೆ ಬಿಲ್ ಮಾಡ್ತಾರಂತೆ, ಇಲ್ಲದ 14 ಜನಕ್ಕೆ ನಾವು ಯಾಕೆ ಕಟ್ಟಬೇಕು.

ಎರಡನೇದು ಫ್ರೀ ಮೊಬೈಲ್ ಆ್ಯಪ್. ಅದರಲ್ಲಿ ಟೀಮ್ ಕ್ಯಾಲೆಂಡರ್ ಅಂತ ಒಂದಿತ್ತು, ಯಾರು ಯಾವತ್ತು ರಜೆ ಅಂತ ಎಲ್ಲರಿಗೂ ಕಾಣ್ಸೋದು, ಒಳ್ಳೇದೇ, ಆದ್ರೆ ರಜೆಯ ಕಾರಣಾನೂ ಎಲ್ಲರಿಗೂ ಕಾಣ್ತಿತ್ತು. ನಮ್ಮ ಬಿಲ್ಲಿಂಗ್ ಸೆಕ್ಷನ್ ಹುಡುಗಿ ಸ್ಕ್ಯಾನಿಂಗಿಗೆ ಅಂತ ಬರೆದಿದ್ದನ್ನ ಗೋಡೌನಲ್ಲಿ ಎಲ್ಲ ಓದಿದ್ರು. ಅವಳು ಬಂದು ಏನೂ ಹೇಳ್ಲಿಲ್ಲ, ಮುಂದಿನ ಸಲ ಕಾರಣದ ಜಾಗದಲ್ಲಿ ಬರೀ ಒಂದು ಚುಕ್ಕೆ ಇಟ್ಟಿದ್ಲು. ಅವತ್ತೇ ಅನ್‌ಇನ್‌ಸ್ಟಾಲ್ ಮಾಡಿಸಿದೆ. ಟ್ರಯಲ್ ಮಾಡೋವಾಗ ಅಡ್ಮಿನ್ ಲಾಗಿನ್ನಲ್ಲಿ ಮಾತ್ರ ನೋಡಬೇಡಿ, ಸಾಮಾನ್ಯ ನೌಕರರ ಲಾಗಿನ್ನಲ್ಲಿ ಒಳಗೆ ಹೋಗಿ ಬೇರೆಯವರದ್ದು ಏನೇನು ಕಾಣ್ತದೆ ಅಂತ ನೋಡಿ, ನಾನು ಹಾಗೆ ನೋಡದೇ ಇದ್ದಿದ್ದೇ ತಪ್ಪಾಯ್ತು.

ಮೂರನೇದು ಫ್ರಾಪೆ ಎಚ್‌ಆರ್. ಮುಂಬೈ ಕಂಪನಿ, ಇಆರ್‌ಪಿನೆಕ್ಸ್ಟ್ ಅನ್ನೋ ವ್ಯವಹಾರದ ಲೆಕ್ಕ ನೋಡ್ಕೊಳ್ಳೋ ಸಾಫ್ಟ್‌ವೇರ್ ಮಾಡಿದವರೇ, ಓಪನ್ ಸೋರ್ಸ್, ಅಂದ್ರೆ ಕೋಡ್ ಎಲ್ಲರಿಗೂ ಮುಕ್ತ, ಸಾಫ್ಟ್‌ವೇರಿಗೆ ದುಡ್ಡಿಲ್ಲ, ಎಷ್ಟು ಜನ ಬೇಕಾದ್ರೂ ಸೇರಿಸ್ಕೋಬಹುದು. ನಮ್ಮ ಕಂಪ್ಯೂಟರ್ ಸರ್ವಿಸ್ ಹುಡುಗ ಒಂದು ಸಣ್ಣ ಸರ್ವರ್ ಬಾಡಿಗೆಗೆ ತಗೊಂಡು ಹಾಕಿಕೊಟ್ಟ, ಬೇಡ ಅಂದ್ರೆ ಅವರದ್ದೇ ಫ್ರಾಪೆ ಕ್ಲೌಡಲ್ಲಿ ಬಾಡಿಗೆ ಕಟ್ಟಿ ಇಟ್ಕೋಬಹುದು.

ಇದರಲ್ಲಿ ನನಗೆ ಮೊದಲು ಇಷ್ಟ ಆಗಿದ್ದು ಆ ಕಾಲು ದಿನಾನೇ. ರಜೆ ಟೈಪ್ ಸೆಟ್ ಮಾಡೋವಾಗ ಗಳಿಕೆ ರಜೆ ಅಂತ ಟಿಕ್ ಹಾಕಿದ್ರೆ ತಿಂಗಳಿಗಾ, ಮೂರು ತಿಂಗಳಿಗಾ, ವರ್ಷಕ್ಕಾ ಅಂತ ಕೇಳ್ತದೆ, ಆಮೇಲೆ ರೌಂಡಿಂಗ್ ಕಾಲಿಗಾ ಅರ್ಧಕ್ಕಾ ಒಂದಕ್ಕಾ ಅಂತಾನೂ ಕೇಳ್ತದೆ. ಕಾಲು ಅಂತ ಕೊಟ್ಟೆ, ತಿಂಗಳು ತಿಂಗಳು 1.25 ಬೀಳ್ತದೆ. ಮುಂದಿನ ವರ್ಷಕ್ಕೆ ಎಷ್ಟು ರಜೆ ತಗೊಂಡು ಹೋಗಬಹುದು ಅನ್ನೋದಕ್ಕೂ ಒಂದು ಜಾಗ ಇದೆ, ಕರ್ನಾಟಕದಲ್ಲಿ ಮುಂಚೆ 30 ಇದ್ದಿದ್ದನ್ನ ತಿದ್ದುಪಡಿ ಮಾಡಿ 45 ಮಾಡಿದಾರೆ, ಹಾಗಾಗಿ 45 ಅಂತ ಹಾಕಿದೆ. ತುಂಬಾ ಆಫೀಸಲ್ಲಿ ಇನ್ನೂ 30ಕ್ಕೇ ಕಟ್ ಮಾಡ್ತಿದಾರೆ, ನೀವು ಕೆಲಸ ಮಾಡೋ ಕಡೆ ಒಂದ್ಸಲ ಕೇಳಿ ನೋಡಿ.

ವಾರದ ರಜೆ ನಮ್ಮಲ್ಲಿ ಎಲ್ಲರಿಗೂ ಒಂದೇ ದಿನ ಅಲ್ಲ. ಆಫೀಸಿಗೆ ಭಾನುವಾರ, ಡೆಲಿವರಿ ಹುಡುಗರಲ್ಲಿ ಅರ್ಧ ಜನಕ್ಕೆ ಮಂಗಳವಾರ, ಯಾಕಂದ್ರೆ ನರ್ಸಿಂಗ್ ಹೋಮ್‌ಗಳಿಗೆ ಭಾನುವಾರಾನೂ ಔಷಧಿ ಹೋಗಬೇಕು. ಇದರಲ್ಲಿ ಹಾಲಿಡೇ ಲಿಸ್ಟ್ ಎಷ್ಟು ಬೇಕಾದ್ರೂ ಮಾಡಿ ಒಬ್ಬೊಬ್ಬರಿಗೆ ಬೇರೆ ಬೇರೆ ಹಾಕಬಹುದು, ವಾರದ ದಿನ ಹೇಳಿದ್ರೆ ವರ್ಷದ ಅಷ್ಟೂ ತಾರೀಖು ಅದೇ ತುಂಬಿಕೊಡ್ತದೆ. ಅದಕ್ಕೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದೂ, ಆಮೇಲೆ ಹಬ್ಬದ ರಜೆ ಐದು ಸೇರಿಸಿದೆ. ವಿಜಯದಶಮಿ ದಿನ ಮೈಸೂರಲ್ಲಿ ವ್ಯಾನ್ ಓಡಿಸೋ ಮಾತೇ ಇಲ್ಲ, ಅದು ಮೊದಲು ಬರೆದಿದ್ದು. ಶನಿವಾರ ಸೋಮವಾರ ರಜೆ ಹಾಕಿದ್ರೆ ನಡುವಿನ ಭಾನುವಾರಾನೂ ರಜೆ ಲೆಕ್ಕಕ್ಕೆ ಹಿಡಿಯೋ ಸ್ಯಾಂಡ್‌ವಿಚ್ ಪದ್ಧತಿ ಇದೆಯಲ್ಲ, ಅದು ಇಲ್ಲಿ ಒಂದು ಟಿಕ್ ಅಷ್ಟೆ, ನಾವು ಹಾಕಿಲ್ಲ. ನನಗೆ ಆ ಪದ್ಧತಿ ಸರಿ ಅನ್ಸೋದೂ ಇಲ್ಲ, ವಾರಪೂರ್ತಿ ದುಡಿದವರ ಭಾನುವಾರ ಅವರದ್ದೇ.

ಮಾರ್ಚ್ ಕೊನೇ ವಾರ ಸ್ಟಾಕ್ ಟೇಕಿಂಗ್, ಆಗ ರಜೆ ಮಂಜೂರು ಆಗದಂಗೆ ತಾರೀಖು ಬ್ಲಾಕ್ ಮಾಡಬಹುದು, ಕಾರಣಾನೂ ಬರೆದಿಡಬಹುದು, ಇಂಥವರು ಮಾತ್ರ ಆ ದಿನ ಮಂಜೂರು ಮಾಡಬಹುದು ಅಂತಾನೂ ಇಡಬಹುದು. ಕಾಂಪ್ ಆಫ್, ಅಂದ್ರೆ ರಜೆ ದಿನ ದುಡಿದಿದ್ದಕ್ಕೆ ಬದಲಿ ರಜೆ, ಅದೂ ಇದೆ, ರಜೆ ದಿನ ಬಂದು ಕೆಲಸ ಮಾಡಿದ ಹಾಜರಿ ಇದ್ರೆ ಮಾತ್ರ ಕೇಳಕ್ಕೆ ಬಿಡ್ತದೆ.

ಮುಟ್ಟಿನ ರಜೆ ಬಗ್ಗೆ ಸ್ವಲ್ಪ ಹೇಳಲೇಬೇಕು. 2025ರಲ್ಲಿ ಸರ್ಕಾರ ತಿಂಗಳಿಗೆ 1 ದಿನ, ವರ್ಷಕ್ಕೆ 12 ಸಂಬಳ ಸಹಿತ ರಜೆ ಅಂತ ಆದೇಶ ಮಾಡ್ತಲ್ಲ, ಆ ತಿಂಗಳದ್ದು ಆ ತಿಂಗಳೇ, ಮುಂದಕ್ಕೆ ಹೋಗಲ್ಲ. ಇದನ್ನ ಒಂದೇ ಸಲ 12 ಅಂತ ಜಮಾ ಮಾಡಿದ್ರೆ ಲೆಕ್ಕ ಕೆಡ್ತದೆ. ರಜೆ ಜಮಾ ಮಾಡೋವಾಗ ಇಂಥ ತಾರೀಖಿಂದ ಇಂಥ ತಾರೀಖಿನವರೆಗೆ ಅಂತ ಹಾಕಕ್ಕೆ ಜಾಗ ಇರೋದ್ರಿಂದ ತಿಂಗಳಿಗೊಂದು ಅಂತ ಬೇರೆ ಬೇರೆ ಹಾಕ್ತೀನಿ. ರಜೆಯ ಹೆಸರನ್ನ ಬರೀ "ಎಂ" ಅಂತ ಇಟ್ಟಿದೀನಿ, ನಮ್ಮ 9 ಜನ ಹೆಂಗಸರನ್ನ ಕೂರಿಸಿಕೊಂಡು ಕೇಳಿಯೇ ಇಟ್ಟಿದ್ದು. ಅರ್ಜಿ ಸೂಪರ್‌ವೈಸರ್ ಹತ್ರ ಹೋಗಲ್ಲ, ನನ್ನ ಹತ್ರ ಬರ್ತದೆ, ಕಾರಣ ಬರೆಯೋದು ಬೇಡ ಅಂದಿದೀನಿ.

ಇನ್ನು ಪಾಸ್‌ಬುಕ್ ವಿಷ್ಯ. ಇದರಲ್ಲಿ ಒಂದೊಂದು ಜಮಾ, ಒಂದೊಂದು ಖರ್ಚು, ಲ್ಯಾಪ್ಸ್ ಆಗಿದ್ದು, ಎನ್‌ಕ್ಯಾಶ್ ಮಾಡಿದ್ದು (ರಜೆ ಬದಲು ದುಡ್ಡು ತಗೊಂಡಿದ್ದು) ಎಲ್ಲ ಬೇರೆ ಬೇರೆ ಸಾಲಾಗಿ ಲೀವ್ ಲೆಡ್ಜರಲ್ಲಿ ಕೂತಿರ್ತದೆ. ಬ್ಯಾಲೆನ್ಸ್ ಅಂಕಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ನೋಡಬಹುದು. ಅಕೌಂಟ್ಸ್ ಓದಿದವರಿಗೆ ಇದು ನೋಡಿದ ತಕ್ಷಣ ಸಮಾಧಾನ ಆಗ್ತದೆ.

ಭಾಷೆದೊಂದು ಪ್ರಶ್ನೆ ಇತ್ತು, ಲೋಡಿಂಗ್ ಮಾಡೋ ನಮ್ಮ ಹುಡುಗರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಇದರಲ್ಲಿ ಸ್ಕ್ರೀನ್ ಮೇಲಿನ ಪದಗಳಿಗೆ ನಾವೇ ಕನ್ನಡ ಬರೆದು ಸೇರಿಸಬಹುದು. ಒಂದು ಸಂಜೆ ಕೂತು 40 ಪದ ಮಾಡಿದ್ವಿ, ರಜೆ ಅರ್ಜಿ, ಉಳಿದ ರಜೆ, ಅರ್ಧ ದಿನ, ಮಂಜೂರು ಹೀಗೆ. ಅಷ್ಟರಲ್ಲೇ ಅವರ ಕೆಲಸ ನಡೀತಿದೆ, ಫೋನಿನ ಬ್ರೌಸರಲ್ಲೇ ಓಪನ್ ಆಗ್ತದೆ, ಹೋಮ್ ಸ್ಕ್ರೀನಿಗೂ ಹಾಕ್ಕೋಬಹುದು.

ಯಾರಿಗೆ ಇದು ಬೇಡ ಅಂತಾನೂ ಹೇಳ್ತೀನಿ. ಹತ್ತು ಜನ ಇರೋ ಅಂಗಡಿಗೆ ಇಷ್ಟು ಬೇಡ, ಸರಿಯಾಗಿ ಬರೆದ ರಿಜಿಸ್ಟರೇ ಸಾಕು. ಸ್ವಂತ ಸರ್ವರ್ ಅಂದ್ರೆ ಬ್ಯಾಕಪ್ ನಮ್ಮದೇ ಜವಾಬ್ದಾರಿ, ಅದನ್ನ ನೋಡ್ಕೊಳ್ಳೋರು ಇಲ್ದಿದ್ರೆ ತಿಂಗಳ ದುಡ್ಡು ಕಟ್ಟೋ ಪ್ಯಾಕೇಜೇ ವಾಸಿ. ಸೆಟಪ್ ಕೂಡ ಒಂದು ಮಧ್ಯಾಹ್ನದ್ದಲ್ಲ, ರಜೆ ಟೈಪು, ಪಾಲಿಸಿ, ಹಾಲಿಡೇ ಲಿಸ್ಟು, ಯಾರಿಗೆ ಯಾವ ಪಾಲಿಸಿ ಅಂತ ಒಂದಾದ ಮೇಲೊಂದು ಮಾಡಬೇಕು, ನನಗೆ ಎರಡು ವಾರ ಹಿಡೀತು.

ನೀವು ಯಾವ ಸಾಫ್ಟ್‌ವೇರೇ ತಗೊಳ್ಳಿ, ಡೆಮೋದವರು ಹಾಕ್ಕೊಂಡು ಬರೋ ಮಾದರಿ ನೌಕರನನ್ನ ನೋಡಬೇಡಿ. ನಿಮ್ಮಲ್ಲಿ ಲೆಕ್ಕ ಅತಿ ಹೆಚ್ಚು ತೊಡಕಾಗಿರೋ ಒಬ್ಬರ ಹೋದ ವರ್ಷದ ರಜೆ ಪೂರ್ತಿ ಹಾಕಿ ಬ್ಯಾಲೆನ್ಸ್ ಏನು ಬರ್ತದೆ ನೋಡಿ. ನಾನು ಹಾಕಿದ್ದು ಆ ಡ್ರೈವರಣ್ಣನದ್ದು, ಮೂರರಲ್ಲೂ. ಸರಿಯಾಗಿ 30 ಬಂದಿದ್ದು ಫ್ರಾಪೆ ಎಚ್‌ಆರಲ್ಲಿ.

ಶುರು ಮಾಡಿದ್ದು ಜನವರಿ 1ಕ್ಕೆ. ಅದಕ್ಕೂ ಮುಂಚೆ ಒಬ್ಬೊಬ್ಬರದ್ದೂ ಓಪನಿಂಗ್ ಬ್ಯಾಲೆನ್ಸ್ ಪ್ರಿಂಟ್ ತೆಗೆದು, ಕನ್ನಡದಲ್ಲಿ ಓದಿ ಹೇಳಿ, ಒಪ್ಪಿದ್ರೆ ಸಹಿ ತಗೊಂಡೆ. 36ರಲ್ಲಿ 5 ಜನ ಒಪ್ಪಲಿಲ್ಲ. ರಿಜಿಸ್ಟರ್ ತೆಗೆದು ನೋಡಿದ್ರೆ ನಾಲ್ಕು ಜನರದ್ದು ನನ್ನದೇ ತಪ್ಪು, ಐದನೆಯವರದ್ದು ಹಾಳೆ ಮೇಲೆ ಟೀ ಚೆಲ್ಲಿ ಅಳಿಸಿಹೋಗಿತ್ತು, ಯಜಮಾನರನ್ನ ಕೇಳಿ, ಆ ನೌಕರರು ಹೇಳಿದ ಲೆಕ್ಕಾನೇ ಬರಕೊಂಡ್ವಿ.